ಹಿಂಬಾಗಿಲ ಬೀಗದಕೈ

ಅಂಬಿಕಾ ಫೋನು ತಂದು ಮುಖದ ಹತ್ತಿರ ಹಿಡಿದಾಗ ಅವಳ ಅಪ್ಪ ವೆಂಕಟಯ್ಯ ಗಂಜಿಗೆ ಉಪ್ಪಿನಕಾಯಿ ಕಲಸಿಕೊಳ್ಳುತ್ತಿದ್ದ. ಪಾಳುಬಿದ್ದ ಕಾರ್ಖಾನೆ, ಗಿರಣಿಗಳನ್ನು ಹುಡುಕಿಕೊಂಡು ಹೋಗಿ ವಿಡಿಯೋ ಮಾಡುವ ಯಾರೋ ಹುಡುಗರು ಸೀತೂರು ಕಡೆಯ ಪ್ಲೈವುಡ್ ಕಾರ್ಖಾನೆಗೂ ಬಂದು ಹೋಗಿದ್ದರು. ‘ದೆವ್ವದ ಫ್ಯಾಕ್ಟರಿ’ ಅಂತ ಹೆಸರಿಟ್ಟು, ನಾಯಿ ಊಳಿಡುವ ಸದ್ದು ಸೇರಿಸಿದ್ದರು.

“ಇಲ್ಲಿ ನೋಡು ಅಪ್ಪಯ್ಯ. ಡ್ರೈಯರ್ ಶೆಡ್ಡಿನ ಹಿಂದಿನ ಬಾಗಿಲು. ಬೀಗ ಇನ್ನೂ ಹಾಗೇ ಇದೆ.”

ವೆಂಕಟಯ್ಯ ತಲೆ ಎತ್ತಲಿಲ್ಲ. ನೋಡುವುದು ಅವನಿಗೆ ಬೇಕಿರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ, ಮರದ ತೆಳು ಹಾಳೆ ಒಣಗಿಸುವ ಆ ಶೆಡ್ಡಿಗೆ ಬೆಂಕಿ ಬಿದ್ದಾಗ ಒಳಗೆ ಮೂರು ಹೆಂಗಸರಿದ್ದರು. ಅವರಲ್ಲೊಬ್ಬಳು ಅವನ ಹೆಂಡತಿ ಸುಬ್ಬಿ. ಅವನಿಗೂ ಅಲ್ಲೇ, ಹೊರಗೆ ದಿಮ್ಮಿ ಉರುಳಿಸುವ ಕೆಲಸ. ಅಂಬಿಕಾಳಿಗೆ ಆಗ ನಾಲ್ಕು ವರ್ಷ. ಮುಂದಿನ ಬಾಗಿಲಲ್ಲಿ ಬೆಂಕಿ, ಹಿಂದಿನ ತಗಡಿನ ಬಾಗಿಲಿಗೆ ಹೊರಗಿನಿಂದ ಬೀಗ. ಮರದ ಹಾಳೆ ಕಳುವಾಗುತ್ತದೆಂದು ಮಾಲೀಕರು ಹಾಕಿಸಿದ್ದ ಬೀಗ ಅದು. ಬೀಗದಕೈ ಶೆಡ್ಡು ನೋಡಿಕೊಳ್ಳುತ್ತಿದ್ದ ದೇವಪ್ಪನ ಸುಪರ್ದಿಯಲ್ಲಿತ್ತು, ಅವನು ಅದನ್ನು ಜೇಬಿಗೆ ಹಾಕಿಕೊಂಡು ಹೇಳದೆ ಕೇಳದೆ ಎನ್.ಆರ್.ಪುರಕ್ಕೆ ತಿರುಗಾಡಲು ಹೋಗಿದ್ದ. ಊರಿಗೆಲ್ಲ ಗೊತ್ತಿದ್ದದ್ದು ಇಷ್ಟು. ಸೀತೂರಿನ ಬಸ್ ಸ್ಟಾಪಿನಲ್ಲಿ ಜನ ದೇವಪ್ಪನನ್ನು ಹಿಡಿದು ಹೊಡೆದರು. ಆಮೇಲೆ ಒಂದು ದಿನದ ಕೂಲಿಗೂ ಅವನನ್ನು ಯಾರೂ ಕರೆಯಲಿಲ್ಲ. ಹೆಂಡತಿ ಯಮುನಮ್ಮನನ್ನು ಕರೆದುಕೊಂಡು ಕಮ್ಮರಡಿಗೆ ಹೋದವನು ಹೋದ ವರ್ಷ ಅಲ್ಲೇ ತೀರಿಕೊಂಡ. ಸುದ್ದಿ ಬಂದ ದಿನ ಅಂಬಿಕಾ, “ಒಳ್ಳೇದಾಯ್ತು,” ಅಂದಿದ್ದಳು. ವೆಂಕಟಯ್ಯ ಅದನ್ನು ಕೇಳಿಸಿಕೊಂಡು ಸೌದೆ ಒಡೆಯಲು ಹೋಗಿದ್ದ.

“ಶಿವಮೊಗ್ಗಕ್ಕೆ ಹೋಗೋ ಮೊದಲು ನಾನೂ ಒಂದ್ಸಲ ನೋಡಬೇಕು.”

“ಎಂತ ಇದೆ ಅಲ್ಲಿ ನೋಡೋಕೆ?”

“ಕಂಡವರೆಲ್ಲ ಬಂದು ನೋಡಿ ಹೋಗ್ತಾರಲ್ಲ. ಅಮ್ಮ ಸತ್ತ ಜಾಗ ನಾನು ನೋಡಬಾರ್ದಾ?”

ಅವಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಸೋಮವಾರ ಕ್ಲಾಸು ಶುರು. ಹಾಸ್ಟೆಲು ಭರ್ತಿಯಾಗಿತ್ತು. ಶನಿವಾರ ಹೋಗಿ ಉಳಿಯೋಕೆ ಎಲ್ಲಾದರೂ ಜಾಗ ಹುಡುಕಲೇಬೇಕು, ಸಿಗದಿದ್ದರೆ ಸೀಟು ಬಿಟ್ಟ ಹಾಗೆಯೇ. ಊರಿಂದ ದಿನಾ ಹೋಗಿ ಬರುವುದು ಆಗದ ಮಾತು.

ಶುಕ್ರವಾರ ಇಬ್ಬರೂ ಕಾರ್ಖಾನೆಗೆ ಹೋದರು. ಗೇಟಿನ ಕಂಬ ಲಂಟಾನದೊಳಗೆ ಮುಳುಗಿತ್ತು. ದಿಮ್ಮಿ ನೆನೆಹಾಕುತ್ತಿದ್ದ ಹೊಂಡದ ಮೇಲೆ ಹಸಿರು ಪಾಚಿ. ಅಂಟಿನ ಡ್ರಮ್ಮಿನೊಳಗೆ ಯಾವುದೋ ನಾಯಿ ಮರಿ ಹಾಕಿತ್ತು. ವಿಡಿಯೋದವರು ತಿಂದು ಬಿಸಾಡಿದ ಚಿಪ್ಸ್ ಪ್ಯಾಕೆಟ್ಟು ಅಲ್ಲಲ್ಲಿ ಮಿಂಚುತ್ತಿತ್ತು. ಅಂಬಿಕಾ ಸೀದಾ ಹಿಂದಿನ ಬಾಗಿಲಿಗೆ ಹೋಗಿ ಬೀಗ ಎಳೆದಳು. ತುಕ್ಕು ಅಂಗೈಗೆ ಮೆತ್ತಿತು.

“ಮೇಲೆ ಆ ಮೊಳೆ ಎಂತಕ್ಕೆ?”

“ಬೀಗದಕೈ ಹಾಕೋಕೆ. ದೇವಪ್ಪ ಯಾವಾಗ್ಲೂ ಮಾಡಿನ ಅಡಿ ಆ ಮೊಳೆಗೇ ಹಾಕಿರ್ತಿದ್ದ. ಕೆಲಸದವರಿಗೆಲ್ಲ ಗೊತ್ತಿತ್ತು, ಮಾಲೀಕರಿಗೊಬ್ರಿಗೆ ಗೊತ್ತಿರ್ಲಿಲ್ಲ.”

“ಮತ್ತೆ ಅವತ್ತೊಂದಿನ ಎಂತಕ್ಕೆ ಹಾಕ್ಲಿಲ್ಲ, ಆ ಪಾಪಿ?”

ವೆಂಕಟಯ್ಯನ ಕೈ ತಾನಾಗಿ ಸೊಂಟಕ್ಕೆ ಹೋಯಿತು. “ನಡಿ, ಬಸ್ಸು ತಪ್ಪುತ್ತೆ,” ಅಂದ.

ಮಾರನೇ ದಿನ ಬ್ಯಾಗು ಹೊತ್ತುಕೊಂಡು ಶಿವಮೊಗ್ಗದಲ್ಲಿ ಇಳಿದರು. ಮೊದಲು ನೋಡಿದ್ದು ರೈಲ್ವೆ ಹಳಿಯ ಆಚೆ, ಬ್ಲೌಸು ಹೊಲಿಯುವ ಕುಸುಮಾ ಎಂಬವಳ ಮನೆಯ ಹಿಂಭಾಗದ ಕೋಣೆ. ಶೀಟಿನ ಮಾಡು, ಪಕ್ಕದಲ್ಲೇ ಮೋರಿ, ಕಕ್ಕಸು ಹೊರಗೆ. ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕು. ಎದುರುಬದುರು ಎರಡು ಬಾಗಿಲು, ಎರಡಕ್ಕೂ ಒಳಗಿನಿಂದ ಚಿಲಕ ಅಷ್ಟೇ. ವೆಂಕಟಯ್ಯ ಚಿಲಕ ತೆಗೆದು ಹಾಕಿ, ತೆಗೆದು ಹಾಕಿ ನೋಡಿದ. ಅಂಬಿಕಾ ಮೂಗು ಮುಚ್ಚಿಕೊಂಡೇ ಹೊರಗೆ ಬಂದಳು.

ಎರಡನೆಯದು ಮೂರನೇ ಮಹಡಿ. ಹಿಂದಿನ ಬಾಗಿಲಿಗೆ ಅಡ್ಡ ವಾಷಿಂಗ್ ಮೆಷಿನ್ ಇಟ್ಟಿದ್ದರು. ವೆಂಕಟಯ್ಯ ಬೇಡ ಅಂದ.

ಮೂರನೆಯದು ಕಾಲೇಜಿನಿಂದ ಐದು ನಿಮಿಷದ ದಾರಿ. ಕಿಟಕಿ, ಫ್ಯಾನು, ಓದೋಕೆ ಮೇಜು. ಅಂಬಿಕಾ ಮಂಚದ ಮೇಲೆ ಕೂತೇ ಬಿಟ್ಟಳು. ಮಾಲಕಿ ದಾಕ್ಷಾಯಿಣಿ ಮಾತಿನ ಮಲ್ಲಿ.

“ಹುಡ್ಗೀರ ಪೀಜಿ ಅಲ್ವಾ ಯಜಮಾನ್ರೆ, ಸೇಫ್ಟಿ ಮೊದಲು. ಮುಂದಿನ ಬಾಗ್ಲಲ್ಲಿ ನಾನು ಮಲಗ್ತೀನಿ. ಹಿಂದಿನ ಮೆಟ್ಟಿಲಿಗೆ ಗ್ರಿಲ್ಲು, ಒಂಬತ್ತಕ್ಕೆ ಬೀಗ. ಕೀ ಇಲ್ಲೇ.” ಸೊಂಟ ತಟ್ಟಿಕೊಂಡಳು. “ಇಲಿ ಸೈತ ಹೊರಗೆ ಹೋಗಲ್ಲ ನೋಡಿ!”

“ಆ ಕೀ ಒಂದು ಮೊಳೆಗೆ ನೇತುಹಾಕಿಡ್ಬಹುದಲ್ಲ ಅಮ್ಮ? ಹುಡ್ಗೀರಿಗೆ ಸಿಗೋ ಹಾಗೆ?”

“ಮೊಳೆಗೆ ಹಾಕೋಕೆ ಬೀಗ ಯಾಕೆ ಬೇಕು ಯಜಮಾನ್ರೆ?” ದಾಕ್ಷಾಯಿಣಿ ನಕ್ಕಳು.

“ಬೇಡ ಮಗಾ. ಏಳು.”

ರಸ್ತೆಗೆ ಬಂದದ್ದೇ ಅಂಬಿಕಾ ಬ್ಯಾಗನ್ನು ಫುಟ್‌ಪಾತಿನ ಮೇಲೆ ಎತ್ತಿ ಹಾಕಿದಳು. “ಕೋಣೆ ನೋಡೋಕೆ ಬಂದ್ಯೋ, ಬಾಗ್ಲು ನೋಡೋಕೆ ಬಂದ್ಯೋ? ಯಾವನೋ ಒಬ್ಬ ದೇವಪ್ಪ ಮಾಡಿದ್ದಕ್ಕೆ ನಾನು ಓದು ಬಿಡ್ಬೇಕಾ? ಎಲ್ಲರೂ ಅವನ ಹಾಗಿರ್ತಾರಾ?”

“ದೇವಪ್ಪ ಎಂತದೂ ಮಾಡ್ಲಿಲ್ಲ.”

ಅಂದ ಮೇಲೆ ನಿಲ್ಲಿಸಲು ಆಗಲಿಲ್ಲ. ವೆಂಕಟಯ್ಯ ಮುಚ್ಚಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತ. ಅಂಗಿ ಎತ್ತಿ, ಉಡಿದಾರಕ್ಕೆ ಕಟ್ಟಿದ್ದ ಸಣ್ಣ ಬೀಗದಕೈ ತೋರಿಸಿದ. ಅಂಬಿಕಾ ಚಿಕ್ಕವಳಿದ್ದಾಗ ಅವನ ತೊಡೆಯ ಮೇಲೆ ಕೂತು ಆಡಿಸುತ್ತಿದ್ದ ಬೀಗದಕೈ.

“ಟ್ರಂಕಿಂದು ಅದು.”

“ನಮ್ಮ ಟ್ರಂಕಿಗೆ ಬೀಗ ಎಲ್ಲಿದೆ ಮಗಾ?”

ಅವಳು ನಿಂತೇ ಇದ್ದಳು. ಅವನು ಅವಳ ಚಪ್ಪಲಿ ನೋಡುತ್ತ ಹೇಳಿದ. ಅವತ್ತು ಯಮುನಮ್ಮನಿಗೆ ಜ್ವರ. ಔಷಧಿ ತರಲು ಹೊರಟ ದೇವಪ್ಪ, ‘ಒಂದು ಗಳಿಗೆ ನೋಡ್ಕೋ ಮಾರಾಯ’ ಅಂತ ಬೀಗದಕೈಯನ್ನು ವೆಂಕಟಯ್ಯನ ಕೈಗೆ ಹಾಕಿದ್ದ. ಮೊಳೆಗೆ ಹಾಕು ಅಂತಲೂ ಹೇಳಿದ್ದ. ಮೊಳೆಯಿಂದ ಯಾರಾದರೂ ಎತ್ತಿದರೆ ತನ್ನ ಮೇಲೆ ಬರುತ್ತದೆಂದು ವೆಂಕಟಯ್ಯ ಅದನ್ನು ಮೊಳೆಗೆ ಹಾಕದೆ ತನ್ನ ಹತ್ತಿರವೇ ಇಟ್ಟುಕೊಂಡ. ಆಷಾಢದ ಮಳೆ, ಬಗ್ಗಿ ದಿಮ್ಮಿ ಉರುಳಿಸುವಾಗ ಜೇಬಿನಲ್ಲಿದ್ದದ್ದು ಹೊಂಡಕ್ಕೆ ಬೀಳುತ್ತದೆ. ಅದಕ್ಕೇ ಉಡಿದಾರಕ್ಕೆ ಬಿಗಿಯಾಗಿ ಎರಡು ಗಂಟು ಹಾಕಿದ.

“ಕೂಗು ಕೇಳಿ ಓಡಿ ಬಂದೆ. ನೂಲು ನೆನೆದು ಊದಿಕೊಂಡಿತ್ತು. ಗಂಟು ಬಿಚ್ಚಲಿಲ್ಲ. ಕತ್ತಿ ಗೇಟಲ್ಲಿತ್ತು. ಕತ್ತಿ ಅಲ್ಲೇ ಇಟ್ಟು ಒಳಗೆ ಬರ್ಬೇಕು ಅನ್ನೋದು ಅಲ್ಲಿನ ರೂಲು. ಉಡಿದಾರ ಹೊಟ್ಟೆ ಮೇಲಿಂದ ಎಳೆದು ಬಗ್ಗಿ ಹಲ್ಲಲ್ಲಿ ಕಡಿದೆ. ಕಡಿದು ಬೀಗದ ಹತ್ರ ಹೋಗೋ ಹೊತ್ತಿಗೆ ಒಳಗೆ ಸದ್ದಿರ್ಲಿಲ್ಲ. ಆಮೇಲೆ ಜನ ಬಂದ್ರು. ಮೊಳೆ ತಡಕಿದ್ರು. ‘ದೇವಪ್ಪ ಎಲ್ಲಿ’ ಅಂದ್ರು. ನಾನು ಮುಷ್ಟಿ ಬಿಚ್ಚಲಿಲ್ಲ. ಆಮೇಲೆ ಮತ್ತೆ ಸೊಂಟಕ್ಕೇ ಕಟ್ಕೊಂಡೆ.”

“ದೇವಪ್ಪನವ್ರು ಹೇಳ್ಲಿಲ್ವಾ? ನಿನ್ನ ಹತ್ರ ಕೊಟ್ಟಿದ್ದು ಅಂತ?”

“ಇಲ್ಲ. ಹೊಡೀವಾಗ ನಾನು ಅಲ್ಲೇ ಇದ್ದೆ. ನನ್ನ ಮುಖ ನೋಡಿದ್ರು. ಹೇಳ್ಲಿಲ್ಲ.”

ಬಸ್ಸುಗಳು ಹೋದವು. ಕಬ್ಬಿನ ಹಾಲಿನ ಗಾಡಿಯವನು ಗೆಜ್ಜೆ ಅಲ್ಲಾಡಿಸಿ, “ಕುಡೀತೀರಾ?” ಅಂತ ಕೇಳಿದ. ಆಮೇಲೆ ಗಾಡಿ ಮುಂದೆ ತಳ್ಳಿಕೊಂಡು ಹೋದ.

“ಅವ್ರು ಸತ್ತಾಗ ಒಳ್ಳೇದಾಯ್ತು ಅಂದೆ ನಾನು,” ಅಂದಳು ಅಂಬಿಕಾ ಕೊನೆಗೆ. “ನೀನು ಸುಮ್ನೆ ಕೇಳಿಸ್ಕೊಂಡೆ.”

ಬ್ಯಾಗು ಎತ್ತಿಕೊಂಡು ರೈಲ್ವೆ ಹಳಿಯ ಕಡೆ ನಡೆದಳು. ವೆಂಕಟಯ್ಯ ಹತ್ತು ಹೆಜ್ಜೆ ಹಿಂದೆ ಹೋದ. ಕುಸುಮಾಳ ಮನೆಯ ಕೋಣೆಗೆ ಹೋಗಿ, ಬ್ಯಾಗಿಟ್ಟು, ಮೋರಿಯ ಕಡೆಯ ಬಾಗಿಲ ಚಿಲಕ ತೆಗೆದಳು.

“ಇಲ್ಲೇ ಇರ್ತೀನಿ. ಆ ಗ್ರಿಲ್ಲು ಹಾಕಿದ ಪೀಜೀಲಿ ನಂಗೂ ಇನ್ನು ನಿದ್ದೆ ಬರಲ್ಲ.”

“ಹಾಸಿಗೆ ಒಂದು ತಂದುಕೊಡ್ಲಾ?”

“ಬೇಡ. ನೀನು ಕೊಪ್ಪದ ಬಸ್ಸು ಹತ್ತು. ಕಮ್ಮರಡೀಲಿ ಇಳಿದು ಯಮುನಮ್ಮನಿಗೆ ಹೇಳು. ಹೇಳದೆ ನಂಗೆ ಫೋನು ಮಾಡ್ಬೇಡ.”

ಬಸ್ ಸ್ಟ್ಯಾಂಡಿನಲ್ಲಿ ಊರ ಕಡೆಗೆ ಹೋಗುವ ಎನ್.ಆರ್.ಪುರದ ಬಸ್ಸು ಹೊರಟು ನಿಂತಿತ್ತು, ಸೀಟೂ ಖಾಲಿ ಇತ್ತು. ಗುರುತಿನ ಕಂಡಕ್ಟರು, “ಬನ್ನಿ ವೆಂಕಟಯ್ಯ, ಹತ್ತಿ,” ಅಂದ. ವೆಂಕಟಯ್ಯ ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಆಮೇಲೆ ಇಳಿಸಿದ.

ಕಮ್ಮರಡಿಯಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಅಂಗಡಿಯವನು ಮನೆ ತೋರಿಸಿದ. ಯಮುನಮ್ಮ ಜಗುಲಿಯಲ್ಲಿ ಪಕ್ಕದ ತೋಟದವರ ಅಡಿಕೆ ಸುಲಿಯುತ್ತ ಕೂತಿದ್ದಳು. ಇವನನ್ನು ಕಂಡು ಮೆಟ್ಟುಗತ್ತಿಯಿಂದ ಕೈ ತೆಗೆಯಲಿಲ್ಲ. ಬಾ ಅನ್ನಲೂ ಇಲ್ಲ. ವೆಂಕಟಯ್ಯ ಅಂಗಳದಲ್ಲಿ ನಿಂತೇ, ಸೊಂಟದ ಬೀಗದಕೈ ತೋರಿಸಿ ಹೇಳಿದ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಅರ್ಧ ಮರೆತೇ ಹೋಗಿತ್ತು.

ಅವಳು ಇನ್ನೊಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿದಳು.

“ಗೊತ್ತಿತ್ತು,” ಅಂದಳು. “ಹೊಡೆತ ತಿಂದು ಬಂದ ದಿನವೇ ಹೇಳಿದ್ರು. ‘ಹೆಂಡ್ತಿ ಕಳ್ಕೊಂಡಿದಾನೆ, ಅದ್ರ ಮೇಲೆ ಇದನ್ನೂ ಹೊರ್ಸೋದಾ? ಸ್ವಲ್ಪ ಸುಧಾರಿಸ್ಕೊಂಡು ಅವನೇ ಬತ್ತಾನೆ’ ಅಂದ್ರು. ಬಸ್ಸು ನಿಂತ ಸದ್ದಾದ್ರೆ ರಸ್ತೆ ನೋಡೋರು. ಹದಿಮೂರು ವರ್ಷ ನೋಡಿದ್ರು. ಬಂದ್ರೆ ಒಂದು ಲೋಟ ಕಾಫಿ ಕೊಡು ಅಂತ ಸಾಯೋ ಮುಂಚೆ ಹೇಳಿದ್ರು.”

ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

“ನನ್ನ ಕೈಲಿ ಆಗಲ್ಲ ಮಾರಾಯ. ಅವ್ರು ದೊಡ್ಡ ಮನುಷ್ಯರು, ನಾನಲ್ಲ. ಆ ಬೀಗದಕೈ ಇಲ್ಲಿ ಕೊಡು.”

ಗಂಟು ಈಗಲೂ ಬಿಚ್ಚಲಿಲ್ಲ. ಯಮುನಮ್ಮ ನೋಡುವಷ್ಟು ನೋಡಿ, ಎದ್ದು ಒಳಗಿನಿಂದ ಚಾಕು ತಂದು ಅವನ ಮುಂದೆ ಹಿಡಿದಳು. ಅವನು ಉಡಿದಾರ ಕೊಯ್ದು ಬೀಗದಕೈಯನ್ನು ಜಗುಲಿಯ ಅಂಚಿನಲ್ಲಿಟ್ಟ. ಅವಳು ಅದನ್ನೆತ್ತಿ ಹೊಸ್ತಿಲ ಪಕ್ಕ, ಬಂದು ಹೋಗುವವರ ಕಣ್ಣಿಗೆ ಬೀಳುವ ಕಡೆ, ಕ್ಯಾಲೆಂಡರ್ ತೆಗೆದು ಆ ಮೊಳೆಗೆ ಹಾಕಿದಳು.

“ಯಾರು ಕೇಳಿದ್ರೂ ಹೇಳ್ತೀನಿ, ಇದು ಯಾರ ಹತ್ರ ಇತ್ತು ಅಂತ. ಸೀತೂರಿನವ್ರು ಯಾರಾದ್ರೂ ಬಂದ್ರೆ ಮೊದಲು ಹೇಳ್ತೀನಿ. ನೀನು ಹೋಗು.”

ರಸ್ತೆಗೆ ಬಂದು ಮಗಳಿಗೆ ಫೋನು ಮಾಡಿದ. ಮೂರನೇ ಸಲಕ್ಕೆ ಎತ್ತಿದಳು.

“ಹೇಳ್ದೆ.”

“ಎಂತ ಅಂದ್ರು?”

“ಹೋಗು ಅಂದ್ರು.”

ಆ ಕಡೆ ಕುಸುಮಾಳ ಹೊಲಿಗೆ ಮೆಷಿನ್ನಿನ ಸದ್ದು ಕೇಳಿಸುತ್ತಿತ್ತು.

“ಮತ್ತೆಂತ ಅಂತಾರೆ, ಅಷ್ಟೇ ಅಲ್ವಾ,” ಅಂದಳು ಅಂಬಿಕಾ, ಫೋನು ಇಟ್ಟಳು.