ಮಂತ್ರಿಗಿರಿ ಕೇಳದ ಪಕ್ಷ

ಉಳ್ಳಾಲದ ಅಸೀಫಾ ದೋಹಾದ ಬಿನ್ ಮಹಮೂದ್ ಬಡಾವಣೆಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ಸಹಾಯಕಿ. ಅವಳಿಗೆ ರಾಜಕೀಯದ ಹುಚ್ಚು. ಕರ್ನಾಟಕದ ಯಾವ ಸರಕಾರ ಬೀಳುವಾಗ ಶಾಸಕರು ಯಾವ ರೆಸಾರ್ಟಿನಲ್ಲಿದ್ದರು ಎಂಬುದೆಲ್ಲ ಬಾಯಿಪಾಠ.

೨೦೨೪ರ ಆಗಸ್ಟಿನಲ್ಲಿ ಡೊರೊತಿ ಎಂಬ ಕೆನಡಾದ ನಿವೃತ್ತ ಶಿಕ್ಷಕಿ ಹಲ್ಲಿಗೆ ಕ್ಯಾಪ್ ಹಾಕಿಸಲು ಬಂದರು. ದೋಹಾದಲ್ಲಿರುವ ಮಗಳ ಮನೆಗೆ ಬಂದವರು.

"ಕೆನಡಾದಲ್ಲಿ ನನ್ನ ತಂಗಿಗೆ ಈಗ ಸರಕಾರವೇ ಹಲ್ಲು ಕಟ್ಟಿಸಿಕೊಟ್ಟಿದೆ. ಸಣ್ಣ ಪಕ್ಷವೊಂದು ಹಟ ಹಿಡಿದು ಮಾಡಿಸಿದ ಯೋಜನೆ" ಎಂದರು.

ಅಸೀಫಾಳ ಕಿವಿ ನೆಟ್ಟಗಾಯಿತು. "ಆ ಪಕ್ಷಕ್ಕೆ ಎಷ್ಟು ಮಂತ್ರಿಗಿರಿ ಸಿಕ್ಕಿತು ಮೇಡಂ?"

"ಒಂದೂ ಇಲ್ಲ. ಲಿಬರಲ್ ಸರಕಾರಕ್ಕೆ ಬಹುಮತವಿಲ್ಲ. ಆ ಸಣ್ಣ ಪಕ್ಷ, ಎನ್‌ಡಿಪಿ, ಹೊರಗಿನಿಂದ ವೋಟು ಹಾಕಿ ಉಳಿಸುತ್ತದೆ. ಬದಲಿಗೆ ಹಲ್ಲಿನ ಚಿಕಿತ್ಸೆ, ಔಷಧಿಯ ಯೋಜನೆ. ಒಪ್ಪಂದ ನೆಟ್ಟಿನಲ್ಲೇ ಇದೆ, ಓದಿಕೋ."

ಆ ವಾರವೆಲ್ಲ ಅಸೀಫಾ ಬಸ್ಸಿನಲ್ಲಿ ಕೂತು ಅದನ್ನೇ ಓದಿದಳು. ರಿಸೆಪ್ಷನ್ನಿನ ರೆನಿಟಾ ನಂಬಲಿಲ್ಲ. "ಮಂತ್ರಿಗಿರಿ ಬೇಡ ಅಂತ ಯಾರು ಹೇಳ್ತಾರೆ ಮಾರಾಯ್ತಿ? ಒಳಗೆ ಎಂತದೋ ಉಂಟು."

ಸೆಪ್ಟೆಂಬರ್ ಮೊದಲ ವಾರ ಎನ್‌ಡಿಪಿ ಒಪ್ಪಂದ ಮುರಿದುಕೊಂಡಿತು.

"ಖಲಾಸ್! ನಾನು ಹೇಳ್ಲಿಲ್ವಾ?" ಎಂದಳು ರೆನಿಟಾ.

ತಿಂಗಳ ಕೊನೆಗೆ ವಿರೋಧ ಪಕ್ಷವಾದ ಕನ್ಸರ್ವೇಟಿವ್ ಅವಿಶ್ವಾಸ ನಿರ್ಣಯ ತಂದಿತು. ಸರಕಾರ ಬಿದ್ದೇ ಬೀಳುತ್ತದೆ ಎಂದುಕೊಂಡಿದ್ದ ಅಸೀಫಾ ಮರುದಿನ ಬೆಳಿಗ್ಗೆ ಮೊಬೈಲ್ ತೆರೆದರೆ, ನಿರ್ಣಯವೇ ಬಿದ್ದಿತ್ತು. ಒಪ್ಪಂದ ಮುರಿದ ಎನ್‌ಡಿಪಿಯೇ ನಿರ್ಣಯದ ವಿರುದ್ಧ ವೋಟು ಹಾಕಿ ಸರಕಾರವನ್ನು ಉಳಿಸಿತ್ತು. ಅವಳು ಸುದ್ದಿಯನ್ನು ಎರಡು ಸಲ ಓದಿದಳು.

ಅಂದು ಸಂಜೆ ಇನ್ನೊಂದು ಹಲ್ಲು ತೋರಿಸಲು ಡೊರೊತಿ ಬರುತ್ತಲೇ ಅಸೀಫಾ ಕೇಳಿದಳು, "ಇದು ಹೇಗೆ ಮೇಡಂ?"

"ಒಪ್ಪಂದ ಬೇಡ ಅಂದರು. ಚುನಾವಣೆ ಬೇಕು ಅನ್ನಲಿಲ್ಲವಲ್ಲ. ಇನ್ನು ಸಂಸತ್ತಿನ ಪ್ರತಿ ಮತದಾನಕ್ಕೂ ಸರಕಾರ ಯಾವುದಾದರೊಂದು ಪಕ್ಷವನ್ನು ಒಪ್ಪಿಸಬೇಕು. ಅದರ ಕಷ್ಟ ಈಗ ಶುರು."

"ತಂಗಿಯ ಯೋಜನೆ?"

"ಅದು ನಡೆಯುತ್ತಿದೆ."

"ನಿಮ್ಮ ವೋಟೂ ಎನ್‌ಡಿಪಿಗೇನಾ?"

ಡೊರೊತಿ ನಕ್ಕರು. "ನಾನು ಕನ್ಸರ್ವೇಟಿವ್, ಮಗು! ಇಷ್ಟೊಂದು ಖರ್ಚು ಸರಿಯಲ್ಲ ಅಂತ ತಂಗಿಯ ಜೊತೆ ಜಗಳವಾಡಿ ಬಂದಿದ್ದೇನೆ."

ಅಸೀಫಾ ಬೆರಗಾದಳು. ಇಷ್ಟು ದಿನ ಇವರು ತಮಗೊಪ್ಪದ ಪಕ್ಷದ ಕತೆಯನ್ನು ಒಂದು ಕೊಂಕೂ ಇಲ್ಲದೆ ಹೇಳಿದ್ದರು. ಡಾಕ್ಟರು ಬರಲು ಇನ್ನೂ ಹತ್ತು ನಿಮಿಷವಿತ್ತು. ಅವಳು ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು.

"ಅದಕ್ಕೆ ನಿಮ್ಮ ತಂಗಿ ಏನಂದರು?"