ಮುರಿಯಬೇಕೋ, ಕೂಡಿಸಬೇಕೋ

ಅಕ್ಕ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುತ್ತಾಳೆ. ನಾನು ಅದೇ ಕೋಣೆಯ ಕಿಟಕಿಯ ಬಳಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತೇನೆ. ಅವಳು ಬರೆಯಲು ಬಳಸುವ ಎಡಿಟರ್ ಎಂಬ ತಂತ್ರಾಂಶಕ್ಕೆ ಏನಾದರೂ ಹಿಡಿಸದಿದ್ದರೆ, ಅದು ಆ ಸಾಲಿನ ಕೆಳಗೆ ಹಳದಿ ಗೆರೆ ಎಳೆದು ಬುದ್ಧಿ ಹೇಳುತ್ತದೆ. ಒಂದು ಗೆರೆ ಉಳಿದಿದ್ದರೂ ಅವಳ ಕಚೇರಿ ಕೆಲಸವನ್ನು ತೆಗೆದುಕೊಳ್ಳುವುದಿಲ್ಲ. ಆವತ್ತು ಸಂಜೆಯೊಳಗೆ ಕಳಿಸಿದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆಗೆ. ಮನೆಯಲ್ಲೇ ಕೂತು ದುಡಿಯುವವಳನ್ನು ಮನೆಗೆ ಕಳಿಸುವುದು ಹೇಗೆ ಎಂದು ಅಮ್ಮನಿಗೆ ಅರ್ಥವಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಕಾಯುವವರ ಟೋಕನ್ ನಂಬರ್ ಕೂಗುವ ಪ್ರೋಗ್ರಾಂ ಅದು. ಒಂದು ಸಾಲು ಬಿಟ್ಟು ಎಲ್ಲವೂ ಮುಗಿದಿತ್ತು.

"ಸಾಲು ಉದ್ದವಾಯಿತು, ಮುರಿಯಿರಿ" ಎಂದಿತು ಎಡಿಟರ್. ಅಕ್ಕ ಮುರಿದಳು. "ಇದು ಒಂದೇ ಸಾಲಿನಲ್ಲಿರಬೇಕು, ಕೂಡಿಸಿರಿ" ಎಂದಿತು. ಕೂಡಿಸಿದಳು. ಮತ್ತೆ ಉದ್ದವಾಯಿತು. ಸಾಲಿನಲ್ಲಿದ್ದ ಹೆಸರುಗಳನ್ನು ಮೊಟಕು ಮಾಡಿದಳು. "ಹೆಸರು ಪೂರ್ತಿ ಬರೆಯಿರಿ."

"ಥೇಟ್ ನಮ್ಮತ್ತೆ ಕಣೇ," ಎಂದಳು ಅಮ್ಮ. "ಉಪ್ಪು ಹಾಕಿದ್ರೆ ಯಾಕೆ ಹಾಕಿದೆ, ಹಾಕದಿದ್ರೆ ಯಾಕೆ ಹಾಕಲಿಲ್ಲ!"

ಹೊತ್ತು ಇಳಿಯುತ್ತಿತ್ತು. ಅಕ್ಕ ಕಚೇರಿಯ ಯಜಮಾನರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಮುರಿಯಮ್ಮ. ಆ ನಿಯಮ ಹಾಕಿದವನೇ ನಾನು."

"ಮುರಿದ್ರೆ ಕೂಡಿಸು ಅನ್ನುತ್ತೆ ಸರ್."

"ಅದು ನನ್ನ ಹೆಂಡತಿ ಹಾಕಿದ್ದು."

"ಮೇಡಂಗೆ ಒಂದು ಮಾತು ಹೇಳ್ತೀರಾ?"

"ನಾವು ಮಾತು ಬಿಟ್ಟಿದ್ದೀವಿ. ಏನಿದ್ರೂ ಎಡಿಟರ್‌ನಲ್ಲೇ."

ಹಿಂದಿನಿಂದ ಹೆಂಗಸಿನ ದನಿ ಬಂತು: "ಮುರಿಯೋದು ಬಿಟ್ರೆ ಅವರಿಗೆ ಇನ್ನೇನೂ ಬರಲ್ಲ ಅಂತ ಹೇಳಮ್ಮ!"

"ಸರ್, ಮೇಡಂ ಹೇಳ್ತಿದಾರೆ..."

"ಕೇಳಿಸ್ತು. ಪಕ್ಕದಲ್ಲೇ ಕೂತಿದ್ದಾಳೆ."

ಫೋನ್ ಇಟ್ಟು ಅಕ್ಕ ಮೂಗು ಒರೆಸಿಕೊಂಡಳು. ಪರದೆಯನ್ನು ದುರುಗುಟ್ಟಿ ನೋಡಿ, ಆ ಸಾಲನ್ನೇ ಅಳಿಸಿಬಿಟ್ಟಳು. ಹಳದಿ ಮಾಯ. ಕಚೇರಿ ತಕ್ಷಣ ಕೆಲಸ ತೆಗೆದುಕೊಂಡಿತು.

ಸ್ವಲ್ಪ ಹೊತ್ತಿಗೆ ಯಜಮಾನರ ಫೋನ್ ಬಂತು. "ಭೇಷ್! ಮುರಿದಿದ್ದಕ್ಕೆ ಎಷ್ಟು ಲಕ್ಷಣವಾಗಿದೆ ನೋಡು."

"ಕೂಡಿಸಿದ್ದಕ್ಕೆ ಕಣ್ರೀ!" ಎಂದರು ಮೇಡಂ.

ಆಮೇಲೆ ಯಜಮಾನರು ಮೆಲ್ಲಗೆ, "ನನ್ನ ಜೊತೆ ಮಾತಾಡಿದೆಯಾ?" ಎಂದರು.

"ಬಾಯಿ ತಪ್ಪಿ ಬಂತು."

"ಈ ಹುಡುಗೀನ ಕಾಯಂ ಮಾಡೋಣ, ಏನಂತೀಯ?"

"ಮಾಡಿ."

ಅಮ್ಮ ಅಕ್ಕನ ತಲೆ ಸವರಿದಳು. ನನಗೆ ಮಾತ್ರ ಕೇಳದೆ ಇರಲಾಗಲಿಲ್ಲ. "ಆ ಸಾಲು ಏನು ಮಾಡ್ತಿತ್ತಕ್ಕ?"

"ಮುಂದಿನವರನ್ನ ಕರೀತಿತ್ತು."

ಅಕ್ಕ ಯಜಮಾನರಿಗೆ ಮತ್ತೆ ಫೋನ್ ಮಾಡಿ, "ಸರ್, ಒಂದು ವಿಷಯ..." ಎಂದಳು.

"ನಾಳೆ ಹೇಳಮ್ಮ. ನಾವು ಮಾತಾಡ್ತಾ ಇದ್ದೀವಿ."

ಅಕ್ಕ ಆಸ್ಪತ್ರೆಗೆ ಫೋನ್ ಮಾಡಿ, ದೊಡ್ಡ ಗಂಟಲಿನ ಯಾರನ್ನಾದರೂ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲಿಸಿಕೊಳ್ಳಿ ಎಂದಳು.