ಮೂರನೇ ಬಾಗಿಲಿನ ಚಿಲಕ

ನಾನು ಒಂದು ಕಬ್ಬಿಣದ ಚಿಲಕ. ಹರಿಹರದ ಒಂದು ಶೆಡ್ಡಿನಲ್ಲಿ ಏಟು ತಿಂದು ಹುಟ್ಟಿದವನು. ಅಂಗಡಿಯ ಡಬ್ಬದಲ್ಲಿ ಕೆಲವು ಕಾಲ ಬಿದ್ದಿದ್ದು, ಆಮೇಲೆ ದಾವಣಗೆರೆಯ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲ್ಲಿಗೆ ಬಂದೆ. ಮೂರನೇ ಬಾತ್‌ರೂಮಿನ ಬಾಗಿಲು ನನ್ನ ಪಾಲಿಗೆ ಬಂತು. ಬಾತ್‌ರೂಮಿನ ಚಿಲಕಕ್ಕೆ ಏನು ಮಹಾ ಬದುಕು ಅಂತೀರಾ? ಆ ಹಾಸ್ಟೆಲ್ಲಿನಲ್ಲಿ ಹುಡುಗಿಯರು ಒಳಗಿನಿಂದ ಹಾಕಿಕೊಳ್ಳಬಹುದಾದ ಬಾಗಿಲು ಬೇರೆಲ್ಲೂ ಇರಲಿಲ್ಲ. ಅಳಬೇಕಾದವರು ನಮ್ಮ ಹತ್ತಿರವೇ ಬರಬೇಕಿತ್ತು.

ಪರೀಕ್ಷೆ ಬಂತೆಂದರೆ ನನಗೆ ಪುರುಸೊತ್ತಿಲ್ಲ. ಬೆವರಿದ ಕೈಗಳು ನನ್ನನ್ನು ಎಳೆಯುತ್ತಿದ್ದವು. ಸದ್ದು ಕೇಳದಿರಲೆಂದು ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು. ಪರೀಕ್ಷೆ ಮುಗಿದ ಸಂಜೆ ಅದೇ ಹುಡುಗಿಯರು ಹಾಡು ಹೇಳಿಕೊಂಡು ಸ್ನಾನ ಮಾಡುತ್ತಿದ್ದರು. ಅದು ಬಂದು ಹೋಗುವ ಭಯ.

ಸಿಂಚನಾಳದು ಹಾಗಲ್ಲ. ಮಧ್ಯವಾರ್ಷಿಕ ಪರೀಕ್ಷೆ ಮುಗಿದ ಮೇಲೂ ಬಂದಳು. ಕಾಲೇಜಿಗೇ ಮೊದಲ ಸ್ಥಾನ ಪಡೆದ ದಿನವೂ ಬಂದಳು. ನಾನು ಸರಿಯಾಗಿ ಕೂತಿದ್ದೇನೋ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿ, ನೆಲದ ಮೇಲೆ ಕೂತು ಉಸಿರು ಹಿಡಿತಕ್ಕೆ ತಂದುಕೊಳ್ಳುತ್ತಿದ್ದಳು.

ಒಮ್ಮೆ ವಾರ್ಡನ್ ಪಂಕಜಾಕ್ಷಿ ಬಾಗಿಲು ಬಡಿದರು. "ಏನವ್ವಾ, ಪರೀಕ್ಷೆ ಮುಗೀತಲ್ಲ. ಇನ್ನೂ ಎಂಥಾ ಭಯ ನಿಂಗೆ?"

"ಗೊತ್ತಿಲ್ಲ ಮೇಡಂ, ಹೋಗ್ತಾನೇ ಇಲ್ಲ. ಡಾಕ್ಟ್ರಿಗೆ ತೋರಿಸ್ತೀರಾ?"

"ಫಸ್ಟ್ ಬಂದೋಳಿಗೆ ಡಾಕ್ಟ್ರು ಯಾಕೆ? ನೋಡಿದೋರು ಏನಂದ್ಕೋತಾರೆ? ಸುಮ್ನೆ ಹೊರಗೆ ಬಾ."

ಮರುದಿನ ಬಂದವನು ಬಡಗಿ. ರೋಗ ಬಾಗಿಲಿಗೆ ಬಂದಿತ್ತು ನೋಡಿ! ಹುಡುಗಿಯರು ಒಳಗೆ ಕೂತು ಹೊತ್ತು ಕಳೆಯಬಾರದೆಂದು ಬಾತ್‌ರೂಮಿನ ಚಿಲಕಗಳನ್ನೆಲ್ಲ ಕಿತ್ತುಹಾಕಿಸಿದರು. ಅಂದಿನಿಂದ ಒಬ್ಬಳು ಸ್ನಾನಕ್ಕೆ ಹೋದರೆ ಇನ್ನೊಬ್ಬಳು ಹೊರಗೆ ಕಾವಲು. ನಾನು ವಾರ್ಡನ್ ಮೇಜಿನ ಡ್ರಾಯರ್ ಸೇರಿದೆ.

ಅಲ್ಲೇ ತುಕ್ಕು ಹಿಡಿದೆ. ಎರಡನೇ ವರ್ಷದ ಪಿಯುಸಿ ಫಲಿತಾಂಶ ಬಂದು, ಸನ್ಮಾನಕ್ಕೆಂದು ಸಿಂಚನಾಳನ್ನು ಕರೆಸಿದ್ದರು. ಅವಳ ಸೆರಗಿಗೆ ಪಿನ್ನು ಹುಡುಕಲು ವಾರ್ಡನ್ ಡ್ರಾಯರ್ ಎಳೆದರು. ಅವಳು ನನ್ನನ್ನು ನೋಡಿದಳು. ಎತ್ತಿಕೊಂಡು ಮುಷ್ಟಿ ಬಿಗಿದಳು. ಅಂಗೈ ಅಂದಿನ ಹಾಗೇ ಒದ್ದೆಯಾಗಿತ್ತು.

"ಅದನ್ಯಾಕೆ ಮುಟ್ಟಿದೆ? ಕೈಯೆಲ್ಲಾ ತುಕ್ಕು. ಈಗ ಫೋಟೋ ತೆಗೀತಾರೆ" ಎಂದು ವಾರ್ಡನ್ ಅವಳ ಬೆರಳು ಬಿಡಿಸಿದರು. ನನ್ನನ್ನು ಒಳಗೆಸೆದು, ಅವಳ ಅಂಗೈಯನ್ನು ಕರವಸ್ತ್ರದಿಂದ ಚೆನ್ನಾಗಿ ಒರೆಸಿ, ವೇದಿಕೆಗೆ ಕರೆದೊಯ್ದರು.

ನಾನಿದ್ದಿದ್ದರೆ ಅವಳ ಭಯ ಹೋಗುತ್ತಿತ್ತೆಂದು ಕೊಚ್ಚಿಕೊಳ್ಳಲಾರೆ. ಕೂತು ಅಳಲು ಒಂದು ಜಾಗ ಇರುತ್ತಿತ್ತು, ಅಷ್ಟೇ. ಹೊರಗೆ ಚಪ್ಪಾಳೆ ಬಿತ್ತು. ಅದು ನಿಂತಾಗಲೂ ನನ್ನ ಮೈಮೇಲಿನ ಅವಳ ಬೆವರು ಆರಿರಲಿಲ್ಲ.